ಟೀಚರ್ ಉಂಡ ಗಂಜಿ

ಇವತ್ತು ಬೆಳಿಗ್ಗೆ ಬೀಜಾಡಿಯ ನನ್ನ ಹೋಟೆಲಿನಲ್ಲಿ ಕುಚ್ಚಲಕ್ಕಿ ಗಂಜಿ ಅಡಿ ಹಿಡಿಯಿತು. ಆ ವಾಸನೆ ಮೂಗಿಗೆ ಬಡಿದದ್ದೇ ಟೀಚರ್ ನೆನಪಾದರು...

ನಾನೊಮ್ಮೆ ಜೈಲಿನಲ್ಲಿದ್ದೆ. ಮುಚ್ಚಿಡುವುದೆಂತ? ಬೈಂದೂರಿನಲ್ಲಿ ಒಬ್ಬನೊಡನೆ ಜಗಳವಾಗಿ, ಹಾಳು ಸಿಟ್ಟಿನಲ್ಲಿ ಕೈ ಎತ್ತಿದ್ದೆ. ಕೇಸು ಮುಗಿಯುವವರೆಗೆ ಎಂಟು ತಿಂಗಳು ಒಳಗೆ. ಅಮ್ಮನಿಗೆ ಮಾತ್ರ ಮುಂಬೈ ಹೋಟೆಲಿನಲ್ಲಿ ಸಪ್ಲಯರ್ ಕೆಲಸ ಸಿಕ್ಕಿದೆಯೆಂದು ಗೆಳೆಯನ ಬಾಯಲ್ಲಿ ಹೇಳಿಸಿದ್ದೆ. ಅವಳಿಗೆ ಎದೆನೋವಿತ್ತು; ಗೊತ್ತಾದರೆ ಉಳಿಯಲಿಕ್ಕಿಲ್ಲ ಎಂಬ ಹೆದರಿಕೆ.

ಜೈಲು ಹೇಗಿದೆಯೆಂದು ನೋಡಲು ತಿಂಗಳಿಗೊಮ್ಮೆ ಸರಕಾರ ನೇಮಿಸಿದ ಹೊರಗಿನವರು ಬರುತ್ತಿದ್ದರು. ಒಂದು ದಿನ ಬಂದವರು ನನಗೆ ನಾಲ್ಕನೇ ಕ್ಲಾಸಿನಲ್ಲಿ ಮಗ್ಗಿ ಕಲಿಸಿದ ಟೀಚರ್! ನಮ್ಮಮ್ಮನ ಮನೆಯಿಂದ ನಾಲ್ಕು ಮನೆ ಆಚೆಯವರು. ಅಯ್ಯೋ ದೇವರೇ, ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು. ಉಣ್ಣುತ್ತಿದ್ದ ತಟ್ಟೆಯ ಮೇಲೆ ತಲೆ ಬಗ್ಗಿಸಿದೆ.

ಟೀಚರ್ ಮೊದಲು ನೋಡಿದ್ದು ಕಕ್ಕಸು. ಶಾಲೆಯಲ್ಲೂ ಹಾಗೆಯೇ ಮಾಡುತ್ತಿದ್ದರು. ಆಮೇಲೆ ಗೋಡೆಯಲ್ಲಿ ನೇತಾಡುತ್ತಿದ್ದ ಕರೆಂಟಿನ ವಯರು. ರುಚಿ ನೋಡಲೆಂದು ಅವರಿಗಾಗಿ ಮೇಜಿನ ಮೇಲೆ ಬೇರೆಯೇ ಗಂಜಿ, ಉಪ್ಪಿನಕಾಯಿ ಇಟ್ಟಿದ್ದರು. ಅದರತ್ತ ತಿರುಗಿಯೂ ನೋಡದೆ ನನ್ನೆದುರು ಬಂದು ಕೂತು, ನನ್ನ ತಟ್ಟೆಯಿಂದಲೇ ಒಂದು ತುತ್ತು ಉಂಡರು. ಸೀದ ಗಂಜಿ, ಮೇಲೆ ಕಲ್ಲು ಬೇರೆ.

"ಹ್ವಾಯ್, ಇದನ್ನ್ ನಿಮ್ಮನಿ ಮಕ್ಳಿಗ್ ಹಾಕ್ತ್ರ್ಯಾ?" ಎಂದು ಅಧಿಕಾರಿಯನ್ನು ಕೇಳಿದರು. ಮತ್ತೆ ಗುರುತೇ ಇಲ್ಲದವರಂತೆ ನನಗೆ, "ನೀ ಅಡ್ಗಿ ಕಲಿತ್ಯಾ?"

ಮರುವಾರ ನಾನು ಅಡುಗೆ ಕಲಿಯಲು ಜೈಲಿನ ಅಡುಗೆಮನೆಯಲ್ಲಿದ್ದೆ. ವಯರೂ ಸರಿಯಾಯಿತು. ಟೀಚರ್ ತಿಂಗಳು ತಿಂಗಳು ಬಂದರು, ಉಂಡರು, ಊರಿನ ಮಾತು ಎತ್ತಲಿಲ್ಲ. ನನಗೋ ಪ್ರತಿ ಸಲವೂ ಒಂದೇ ಹೆದರಿಕೆ... ಅಮ್ಮನಿಗೆ ಹೇಳಿಬಿಟ್ಟರೆ?

ಬಿಡುಗಡೆಯಾಗಿ ಮನೆಗೆ ಹೋದಾಗ ಅಮ್ಮ, "ಬೊಂಬಾಯಂಗೆ ಮಳಿ ಹ್ಯಾಂಗಿತ್ತ್ ಮಗಾ?" ಎಂದಳು. ಅಬ್ಬ! ಹೋದ ಜೀವ ಬಂದಂತಾಯಿತು.

ಟೀಚರ್ ಹೋದ ತಿಂಗಳು ತೀರಿಕೊಂಡರು. ಅವರು ತೋರಿಸಿದ ದಾರಿಯಲ್ಲೇ ಈ ಹೋಟೆಲು ಆದದ್ದು, ಆದರೆ ಇಲ್ಲಿಯ ಒಂದು ತುತ್ತು ಅವರಿಗೆ ಬಡಿಸಲಾಗಲಿಲ್ಲ. ಸಂಕಟ ತಡೆಯದೆ ಇವತ್ತು ಅಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಅವಳು ಕಾಯಿ ತುರಿಯುವುದನ್ನೂ ನಿಲ್ಲಿಸಲಿಲ್ಲ.

"ಊರಂಗೆ ಸುದ್ದಿ ನಿಲ್ತಾ ಮಾರಾಯ? ನಂಗ್ ಸುರುವಿಗೇ ಗೊತ್ತಿತ್ತ್. ಕಂಡ್ಕಂಡ್ ಬನ್ನಿ ಅಂದ್ ಟೀಚರಿಗೆ ಹೇಳದ್ದೇ ನಾನ್. ಪ್ರತಿ ತಿಂಗ್ಳ್ ಬಂದ್ ಹೇಳ್ತಿದ್ರ್, 'ಹೆದ್ರ್‌ಬೇಡ, ಅವ ಉಂಬ ಗಂಜಿ ನಾನೇ ಉಂಡ್ ಬಂದೆ.'"