ಹಾರ್ನ್ ಇಲ್ಲದೆ ಹನೂರಿಗೆ

ನಿಜವಾಗಿ ನಡೆದದ್ದೋ, ಅಥವಾ ಇದನ್ನು ನಾನೇ ಆಮೇಲೆ ನೆನಪಿಗೆ ಸೇರಿಸಿಕೊಂಡೆನೋ ಏನೋ, ಕೊಳ್ಳೇಗಾಲದ ಒಬ್ಬ ಮೆಕ್ಯಾನಿಕ್ ಬಾನೆಟ್ ಎತ್ತುವ ಮೊದಲು, ಗ್ರೀಸ್ ತಾಗದಂತೆ ಮೊಣಕೈಯಿಂದ ಟ್ರೇ ಮೇಲೆ ಮುಚ್ಚಿದ್ದ ಕಾಗದ ಸರಿಸಿ, ಹಿಂದಿನ ಸೀಟಿನಲ್ಲಿದ್ದ ರೇಷ್ಮೆಹುಳುಗಳನ್ನು ನೋಡಿದ್ದರು. ಎಳೆಯ ಹುಳುಗಳು. ಹನೂರಿಗೆ ಒಯ್ಯುವಾಗ ಕಾರಿನ ಏಸಿ ನಿಂತಿತ್ತು. ಆ ಬಿಸಿಲಿಗೆ ಅವು ಉಳಿಯುತ್ತಿರಲಿಲ್ಲ.

"ತಡೀರಿ ಸಾ, ಅದೇನಂತದೋ ಕೇಳವ," ಎಂದರು. ಮಾತುಮಾತಿಗೂ ಅದನ್ನೇ ಅನ್ನುತ್ತಿದ್ದರು. ಏಸಿಯ ಗ್ಯಾಸ್ ಒತ್ತಡ ನೋಡಲು ಗೇಜ್ ಹಾಕಿದರು. "ಗ್ಯಾಸ್ ಅದೆ. ಕಂಪ್ರೆಸರ್ ಟಕ್ ಅಂತಿಲ್ಲ. ಅದುಕ್ಕೆ ಕರೆಂಟ್ ಕೊಡೋ ರಿಲೇನೇ ಸತ್ತೋಗದೆ."

ಹೊಸ ರಿಲೇ ಇರಲಿಲ್ಲ. ಹಾರ್ನಿನದನ್ನೇ ಕಿತ್ತು ಅಲ್ಲಿ ಕೂರಿಸಿದರು. ಟಕ್ ಎಂದಿತು, ತಣ್ಣನೆಯ ಗಾಳಿ ಬಂತು.

"ಹಾರ್ನು?"

"ಎಮ್ಮೆ ಅಡ್ಡ ಬಂದ್ರೆ ನೀವೇ ಕೂಗ್ಕಳಿ ಸಾ."

ದಾರಿಯುದ್ದಕ್ಕೂ ಕೂಗಿದೆ. ಹನೂರಿನಲ್ಲಿ ಹುಳುಗಳು ಸೊಪ್ಪಿಗೆ ಬಾಯಿ ಹಾಕಿದವು. ಅಷ್ಟು ಜೋಪಾನವಾಗಿ ಕಾಗದ ಸರಿಸಿದ ಆ ಮೆಕ್ಯಾನಿಕ್ ಮನೆಯಲ್ಲೂ ಹುಳು ಸಾಕುತ್ತಿದ್ದರೇ? ನನಗೆ ಗೊತ್ತಿಲ್ಲ.