ತಡವರಿಕೆಯನ್ನೂ ಟೈಪ್ ಮಾಡುವವರು

ಬೆಳಗ್ಗೆ ಆರೂವರೆ. ವಿಶ್ವವಿದ್ಯಾಲಯದ ಆಡಳಿತ ಕಟ್ಟಡಕ್ಕೆ ಕಸ ಗುಡಿಸುವವರೂ ಇನ್ನೂ ಬಂದಿಲ್ಲ. ಎಲ್ಲರೂ ಟೈಪಕ್ಕ ಎಂದು ಕರೆಯುವ ಟೈಪಿಸ್ಟ್ ಎರಡನೇ ಮಹಡಿಯ ಮೂಲೆ ಕೋಣೆಯ ಬೀಗ ತೆಗೆದು, ಮೊದಲು ಕುರ್ಚಿಗಳನ್ನು ಸರಿಪಡಿಸುತ್ತಾರೆ. ಸಮಿತಿಯ ಐವರಿಗೆ ಕಿಟಕಿಯ ಕಡೆ. ದೂರು ಕೊಟ್ಟವಳಿಗೆ ಬಾಗಿಲ ಪಕ್ಕ. ಎದ್ದು ಹೋಗಬೇಕೆನಿಸಿದರೆ ಯಾರನ್ನೂ ದಾಟಿಕೊಂಡು ಹೋಗುವಂತಿರಬಾರದು. ಮೇಜಿನ ಮೇಲೆ ನೀರು ಇದೆ, ಟಿಶ್ಯೂ ಡಬ್ಬ ಇಲ್ಲ.

“ಡಬ್ಬ ಕಣ್ಣಿಗೆ ಬಿದ್ರೆ ಅಳ್ಲೇಬೇಕೇನೋ ಅಂದ್ಕೊಂಡ್ಬಿಡ್ತಾರೆ. ಡ್ರಾಯರಲ್ಲಿ ಇಟ್ಟಿರ್ತೀನಿ, ಬೇಕಾದಾಗ ತೆಗೀತೀನಿ.”

ಕ್ಯಾಂಪಸ್ಸಿನಲ್ಲಿ ನಡೆಯುವ ಲೈಂಗಿಕ ದೌರ್ಜನ್ಯದ ದೂರುಗಳನ್ನು ಈ ಸಮಿತಿ ವಿಚಾರಿಸುತ್ತದೆ. ಅಲ್ಲಿ ಆಡಿದ ಮಾತನ್ನು ಹಾಳೆಗಿಳಿಸುವುದು ಟೈಪಕ್ಕನ ಕೆಲಸ. ವಿಚಾರಣೆ ಏಳಕ್ಕೇ ಶುರು. ಕ್ಯಾಂಪಸ್ ತುಂಬುವ ಮೊದಲೇ ಹುಡುಗಿ ಹಿಂದಿನ ಮೆಟ್ಟಿಲಿಳಿದು ಹೋಗಿಬಿಡಬಹುದು.

ವಯಸ್ಸು ನಲವತ್ತಾರು. ಹನ್ನೊಂದು ವರ್ಷ, ಐವತ್ತೆಂಟು ದೂರು, ಮುನ್ನೂರಕ್ಕೂ ಮಿಕ್ಕಿದ ಹೇಳಿಕೆ. ಕೆಲಸ ಗುತ್ತಿಗೆಯದು, ವರ್ಷಕ್ಕೊಮ್ಮೆ ನವೀಕರಣವಾಗಬೇಕು. ಈ ವರ್ಷದ ಗಡುವು ತಿಂಗಳ ಕೊನೆಗೆ. ಕಡತ ಉಪ ಕುಲಸಚಿವರ ಮೇಜಿನ ಮೇಲಿದೆ.

ಮನೆಯಲ್ಲಿ ಬಸ್ ಡಿಪೋದ ಮೆಕ್ಯಾನಿಕ್ ಗಂಡ, ಅತ್ತೆ, ಹತ್ತನೇ ತರಗತಿಯ ಮಗಳು. ಕೇಳಿದ್ದನ್ನು ಅಲ್ಲಿ ಬಾಯಿಬಿಡುವಂತಿಲ್ಲ. “ಅದೇನು ಕುಟ್ತೀಯೋ ದಿನಾ, ಒಂದು ಮಾತಾದ್ರೂ ಹೊರಗೆ ಬರುತ್ತಾ? ತಿಜೋರಿ ಕಣೇ ನೀನು” ಎಂದು ಅತ್ತೆ ಮೂದಲಿಸುತ್ತಾರೆ. ಅತ್ತೆ ಸೊಸೆ ಮಾತಿಗೆ ಮಾತು ಬೆಳೆಸಿದರೆ ಮಗಳು ನಡುವೆ ಬಾಯಿ ಹಾಕುತ್ತಾಳೆ: “ಅಮ್ಮಾ, ಅಜ್ಜಿ ಈಗ ಹೇಳಿದ್ದನ್ನ ಬರ್ಕೊ. ಸಾಕ್ಷಿ ನಾನು.”

ಕೆಲಸಕ್ಕೆ ಸೇರಿದ ಹೊಸದರಲ್ಲಿ ಅವರಿಂದ ಒಂದು ತಪ್ಪಾಗಿದೆ. ಅದನ್ನು ಹೇಳುವಾಗ ಟೈಪಕ್ಕ ಮುಖ ತಿರುಗಿಸುವುದಿಲ್ಲ.

“ಆಗ ನಂಗೆ ನನ್ನ ಟೈಪಿಂಗ್ ಬಗ್ಗೆ ಬಹಳ ಜಂಬ. ಮಕ್ಕಳು ತಡವರಿಸಿ ಹೇಳಿದ್ದನ್ನೆಲ್ಲ ನೆಟ್ಟಗೆ ಮಾಡಿ ಹಾಕ್ತಿದ್ದೆ.”

ದೂರು ಕೊಟ್ಟ ಹುಡುಗಿಯ ಹೇಳಿಕೆಯನ್ನೂ ಅವಳ ರೂಮ್‌ಮೇಟ್ ಕೊಟ್ಟ ಸಾಕ್ಷ್ಯವನ್ನೂ ಹಾಗೆಯೇ ನೆಟ್ಟಗೆ ಮಾಡಿದರು. ‘ತೀವ್ರ ಆಘಾತದಿಂದ ಮಾತು ಹೊರಡದ ಸ್ಥಿತಿಯಲ್ಲಿ’ ಎಂಬುದು ಎರಡರಲ್ಲೂ ಅಕ್ಷರ ಬದಲಾಗದೆ ಬಂತು. ಎದುರು ಪಕ್ಷದವರು ಎರಡೂ ಹಾಳೆಗಳನ್ನು ಅಕ್ಕಪಕ್ಕ ಇಟ್ಟು ಕೆಂಪು ಗೆರೆ ಎಳೆದರು. ಇಬ್ಬರೂ ಬಾಯಿಪಾಠ ಮಾಡಿಕೊಂಡು ಬಂದಿದ್ದಾರೆ ಎಂದರು. ದೂರು ಬಿದ್ದುಹೋಯಿತು. ಹುಡುಗಿ ಮುಂದಿನ ಸೆಮಿಸ್ಟರಿಗೆ ಬರಲಿಲ್ಲ.

“ಆ ಮಾತು ಅವರಿಬ್ಬರದ್ದೂ ಅಲ್ಲ, ನಂದು. ಎದ್ದು ನಿಂತು ಹೇಳ್ಬಹುದಿತ್ತು. ಹೇಳ್ಲಿಲ್ಲ. ಕೆಲಸ ಹೋಗುತ್ತೆ ಅಂತ ಭಯ.”

ಅಂದಿನಿಂದ ಅವರು ಏನನ್ನೂ ನೆಟ್ಟಗೆ ಮಾಡುವುದಿಲ್ಲ. ತೊದಲಿದರೆ ತೊದಲು, ತಪ್ಪಿ ತಿದ್ದಿಕೊಂಡರೆ ಎರಡೂ. ಸುಮ್ಮನಾದರೆ ಗೋಡೆ ಗಡಿಯಾರ ನೋಡಿ, ಎಷ್ಟು ನಿಮಿಷ ಎಂದು ಹಾಕುತ್ತಾರೆ. ಸಮಿತಿಯ ಅಧ್ಯಕ್ಷೆ ಮೊದಮೊದಲು ರೇಗಿದ್ದುಂಟು.

“ಏನ್ರೀ ಇದು, ನಾಟಕ ಬರೀತಿದ್ದೀರಾ?”

“ನಾಟಕ ಆಗಿದ್ರೆ ಇನ್ನೂ ಚೆನ್ನಾಗಿ ಬರೀತಿದ್ದೆ ಮೇಡಂ. ಇದು ಅವಳು ಹೇಳಿದ್ದು.”

ಈಗ ಅಧ್ಯಕ್ಷೆಯೇ ಹುಡುಗಿಗೆ ನಿಧಾನವಾಗಿ ಹೇಳು ಎನ್ನುತ್ತಾರೆ.

ಇವತ್ತಿನ ವಿಚಾರಣೆ ಎರಡು ಗಂಟೆ ನಡೆಯುತ್ತದೆ. ಹುಡುಗಿ ಏನು ಹೇಳಿದಳೆಂಬುದು ಈ ಬರಹಕ್ಕೆ ಬೇಡ. ಆಮೇಲಿನ ನಾಲ್ಕು ಮಾತು ಮಾತ್ರ ಅವಳ ಒಪ್ಪಿಗೆಯಿಂದ ಇಲ್ಲಿದೆ. ಟೈಪಕ್ಕ ಹತ್ತೊಂಬತ್ತು ಪುಟಗಳನ್ನೂ ಗಟ್ಟಿಯಾಗಿ ಓದಿ ಹೇಳುತ್ತಾರೆ. ಆರನೇ ಪುಟದಲ್ಲಿ ಹುಡುಗಿ ತಡೆಯುತ್ತಾಳೆ.

“ಅಕ್ಕಾ, ‘ಸೋಮವಾರ, ಅಲ್ಲ ಅಲ್ಲ, ಮಂಗಳವಾರ’ ಅಂತ ಹಾಗೇ ಇದೆಯಲ್ಲ. ಪೆದ್ದಿ ಥರ ಕಾಣಲ್ವಾ?”

“ಹಾಗೇ ತಾನೇ ಹೇಳಿದ್ದು?”

“ಹೂಂ.”

“ಬೇಡ ಅಂದ್ರೆ ತೆಗೀತೀನಿ. ನಿನ್ನ ಮಾತು, ನಿನ್ನಿಷ್ಟ.”

ಹುಡುಗಿ ಉಗುರು ಕಚ್ಚುತ್ತಾಳೆ. “ಇರ್ಲಿ ಬಿಡಿ.” ಪ್ರತಿ ಪುಟಕ್ಕೂ ಸಹಿ ಹಾಕಿ ಹಿಂದಿನ ಮೆಟ್ಟಿಲಿಳಿಯುತ್ತಾಳೆ.

ಹತ್ತು ಗಂಟೆಗೆ ಉಪ ಕುಲಸಚಿವರು ತಾವೇ ಬರುತ್ತಾರೆ. ಹಾಳೆಗಳ ದಪ್ಪ ನೋಡುತ್ತಾರೆ.

“ಹತ್ತೊಂಬತ್ತು ಪುಟ ಯಾರಮ್ಮ ಓದ್ತಾರೆ? ಎರಡಕ್ಕೆ ಇಳಿಸ್ಕೊಡಿ. ಮಧ್ಯಾಹ್ನ ಕುಲಸಚಿವರಿಗೆ ಕಳಿಸ್ಬೇಕು.”

ಟೈಪಕ್ಕನಿಗೆ ತಮ್ಮ ನವೀಕರಣದ ಕಡತ ನೆನಪಾಗುತ್ತದೆ.

“ಇಳಿಸ್ತೀನಿ ಸಾರ್. ಆದ್ರೆ ಆ ಎರಡು ಪುಟಾನೂ ಅವಳಿಗೆ ಓದಿ ಹೇಳಿ ಸಹಿ ತಗೋಬೇಕಾಗುತ್ತೆ. ಯಾಕೆ ಇಳಿಸಿದ್ರಿ ಅಂತ ಕೇಳ್ತಾಳೆ. ನೀವೇ ಹೇಳ್ತೀರಾ? ಕರೆಸ್ಲಾ?”

ಉಪ ಕುಲಸಚಿವರು ಹಾಳೆಗಳನ್ನು ಅವರತ್ತ ತಳ್ಳುತ್ತಾರೆ. “ಬೇಡ, ಇರೋದನ್ನೇ ಕಳಿಸಿ. ಭಾರಿ ಮೊಂಡು ರೀ ನೀವು” ಎಂದು ಹೊರಟುಹೋಗುತ್ತಾರೆ.

ಹತ್ತೊಂಬತ್ತು ಪುಟಗಳೂ ಲಕೋಟೆಗೆ ಸೇರುತ್ತವೆ, ಮೊಹರು ಬೀಳುತ್ತದೆ. ಮುಂದೆ ಏನಾಗುತ್ತದೆಂದು ಟೈಪಕ್ಕನಿಗೆ ತಿಳಿಯುವುದಿಲ್ಲ. ಆದೇಶಗಳು ಕೆಳಗಿನ ಮಹಡಿಯಲ್ಲಿ, ಬೇರೆಯವರ ಕೈಯಲ್ಲಿ ತಯಾರಾಗುತ್ತವೆ. ಇಷ್ಟು ವರ್ಷದಲ್ಲಿ ಒಂದನ್ನೂ ಅವರು ಕಂಡಿಲ್ಲ.

“ಗುತ್ತಿಗೆ ಹೋದ್ರೆ ಹೋಗ್ಲಿ ಅನ್ನೋ ಧೈರ್ಯ ನಂಗಿಲ್ಲಪ್ಪ. ಇರ್ಬೇಕು. ಇವಳ ಆದೇಶ ಬರೋವರೆಗಾದ್ರೂ ಇರ್ಬೇಕು. ಒಂದೇ ಒಂದ್ಸಲ ಅದನ್ನೂ ನನ್ನ ಕೈಲೇ ಟೈಪ್ ಮಾಡಿಸ್ಲಿ. ಕೊನೆಗೆ ಏನಾಯ್ತು ಅಂತ ನಂಗೂ ಗೊತ್ತಾಗ್ಲಿ.”