ಅವ್ವ ತೊಳೆದ ಕಾರು

ನಾನು ಚಿಕ್ಕವಳಿದ್ದಾಗ ಶಹಾಪುರದ ನಮ್ಮ ಮನೆಯ ಮುಂದೆ ಒಂದು ಕಾರು ನಿಂತಿರುತ್ತಿತ್ತು. ಕಾರು ಎಂದ ಕೂಡಲೇ ಕಣ್ಣರಳಿಸಬೇಡಿ, ನಾವೇನೂ ಸಿರಿವಂತರಲ್ಲ. ಅದು ಅಪ್ಪ ಬಾಡಿಗೆಗೆ ಓಡಿಸುತ್ತಿದ್ದ, ನನಗಿಂತ ವಯಸ್ಸಾದ ಕಾರು. ಮದುವೆಗೆ ಹೋಗುತ್ತಿತ್ತು, ಬಾಣಂತಿಯರನ್ನು ತವರಿಗೆ ಬಿಡುತ್ತಿತ್ತು, ಒಮ್ಮೊಮ್ಮೆ ಆಸ್ಪತ್ರೆಯಿಂದ ಹೆಣವನ್ನೂ ಊರಿಗೆ ಮುಟ್ಟಿಸುತ್ತಿತ್ತು. ಮಕ್ಕಳ ಮುಂದೆ ಇಂಥ ಮಾತು ಯಾಕೆ ಎಂದು ನಿಮ್ಮ ಅಮ್ಮ ಬೈದಾಳು. ಬೈಯಲಿ ಬಿಡಿ.

ಒಂದು ಚಳಿಗಾಲದ ಸಂಜೆ ಅಪ್ಪ ಗೋಗಿ ಎಂಬ ಊರಲ್ಲಿ ಹೆಣ ಇಳಿಸಿ ಬಂದ. ಹೆಣ ಹೊತ್ತ ಗಾಡಿಯನ್ನು ತೊಳೆಯದೆ ಬಾಗಿಲಿಗೆ ನಿಲ್ಲಿಸುವ ರೂಢಿ ನಮ್ಮಲ್ಲಿರಲಿಲ್ಲ. ಅಪ್ಪ ಸ್ನಾನಕ್ಕೆ ಹೋದ. ಅವ್ವ ಸೀರೆ ಎತ್ತಿ ಕಟ್ಟಿ ಕೊಡಗಟ್ಟಲೆ ನೀರು ಸುರಿದಳು. ಅಷ್ಟಕ್ಕೇ ಬಿಡದೆ ಮುಂದಿನ ಮುಚ್ಚಳ ಎತ್ತಿ ಎಂಜಿನ್ನಿನ ಮೇಲೂ ಹೊಯ್ದಳು. "ಮ್ಯಾಲಷ್ಟ ತೊಳದ್ರ ಏನ್ ಬಂತು? ಒಳಗೂ ಶುದ್ಧ ಆಗಬೇಕು" ಎಂದಳು. ಬಿಸಿ ಎಂಜಿನ್ನಿನಿಂದ ಎಣ್ಣೆಯ ವಾಸನೆಯ ಹಬೆ ಬುಸ್ಸೆಂದು ಎದ್ದಿತು.

ಮರುದಿನ ಸುರಪುರದಿಂದ ಮೊದಲ ಬಸ್ಸಿಗೆ ಮಾವ, ಅಂದರೆ ಅವ್ವನ ತಮ್ಮ, ಓಡಿಬಂದ. ಅವರ ತಾಯಿ, ನನ್ನ ಅಜ್ಜಿ, ಹಾಸಿಗೆ ಹಿಡಿದು ಬಹಳ ದಿನವಾಗಿತ್ತು. "ಅಕ್ಕಾ, ಅವ್ವಂದು ಇನ್ನೇನೂ ಉಳದಿಲ್ಲ. ನಿನ್ನ ಹೆಸರ ಹಿಡಿದು ಕರಿಯಾಕತ್ತಾಳ. ಲಗೂನ ನಡಿ" ಎಂದ. ಸುರಪುರಕ್ಕೆ ಮರಳುವ ಬಸ್ಸು ಮಧ್ಯಾಹ್ನಕ್ಕಿತ್ತು. ಕಾರು ಬಾಗಿಲಲ್ಲೇ ಇದೆಯಲ್ಲ ಎಂದು ನಾವೆಲ್ಲ ಧೈರ್ಯವಾಗಿದ್ದೆವು.

ಅಪ್ಪ ಕೀಲಿ ತಿರುವಿದ. ಎಂಜಿನ್ನು ನರಳಿತು, ಹತ್ತಲಿಲ್ಲ. ಹಾರ್ನ್ ಒತ್ತಿದ, ಓಣಿಯೇ ಬೆಚ್ಚುವಂತೆ ಕೂಗಿತು. "ಬ್ಯಾಟರಿ ಚಲೋ ಅದ" ಎಂದ. ಪೆಟ್ರೋಲಿನ ಕೊಳವೆ ಬಿಚ್ಚಿ ಊದಿದ. ಪೆಟ್ರೋಲು ಅಂಗೈಗೆ ಚಿಮ್ಮಿತು, ಅದೂ ಸರಿಯಿತ್ತು. ಮಾವ ಎಂಜಿನ್ನು ತಿರುಗಿಸುವ ಹ್ಯಾಂಡಲನ್ನು ಕಾರಿನ ಮುಂದೆ ಹಾಕಿ ತಿರುವಿ ತಿರುವಿ ಸುಸ್ತಾದ. ನೆರೆಮನೆಯ ಮುದುಕ ಕಟ್ಟೆಯ ಮೇಲಿಂದ, "ಹೆಣ ಹೊತ್ತ ಗಾಡಿ ಅದು. ಇವತ್ತ ಕದಲಂಗಿಲ್ಲ ತಗೋ" ಎಂದ.

"ಸುಮ್ನ ಕೂಡ್ರಿ ಯಜ್ಜಾ! ನಮ್ಮವ್ವ ಅಲ್ಲಿ ಜೀವಾ ಹಿಡಕೊಂಡು ಕಾಯಾಕತ್ತಾಳ" ಎಂದು ಅವ್ವ ಚೀರಿದಳು. ಊರಿಗೆಂದು ಕಟ್ಟಿದ ಬಟ್ಟೆಯ ಗಂಟು ತೊಡೆಯ ಮೇಲಿಟ್ಟುಕೊಂಡು ಹೊಸ್ತಿಲಲ್ಲಿ ಕುಸಿದಳು. ನನಗೆ ಆ ಕಾರನ್ನು ಒದೆಯಬೇಕೆನಿಸಿತು.

ಬಿಸಿಲೇರಿತು. ಅಪ್ಪ ಒಂದು ವೈರು ಕಿತ್ತು ಅದರ ತುದಿಯನ್ನು ಕಬ್ಬಿಣಕ್ಕೆ ಹತ್ತಿರ ಹಿಡಿದು, ಮಾವನಿಗೆ ಹ್ಯಾಂಡಲ್ ತಿರುವಲು ಹೇಳಿದ. ಕಿಡಿ ಹಾರಬೇಕಿತ್ತು, ಹಾರಲಿಲ್ಲ. ಎಂಜಿನ್ನಿಗೆ ಕಿಡಿ ಹಂಚುವ ಡಬ್ಬಿಯೊಂದಿರುತ್ತದೆ. ಅಪ್ಪ ಅದರ ಟೋಪಿಯಂಥ ಕರಿ ಮುಚ್ಚಳ ಬಿಚ್ಚಿ ನನ್ನ ಕೈಗಿಟ್ಟ. ಒಳಗೆಲ್ಲ ನೀರಿನ ಹನಿ. ನೀರು ಹೊಕ್ಕರೆ ಕಿಡಿ ಹುಟ್ಟುವುದಿಲ್ಲವೆಂದು ಅಪ್ಪನ ಜೊತೆ ಕೂತು ಕೂತು ನನಗೂ ಗೊತ್ತಿತ್ತು. "ಅಪ್ಪಾ, ನಿನ್ನೆ ಅವ್ವ..." ಎಂದೆ.

ಅಪ್ಪ ಹೊಸ್ತಿಲ ಕಡೆ ನೋಡಿದ. "ಬಾಯಿ ಮುಚ್ಚು. ಒಂದ ಮಾತು ಆಡಬ್ಯಾಡ" ಎಂದು ಮೆಲ್ಲಗೆ ಗದರಿದ. ಟೋಪಿಯನ್ನು ಧೋತರದ ಚುಂಗಿನಿಂದ ಒರೆಸಿ, ಒಲೆಯ ಮುಂದೆ ಹಿಡಿದು ತಾ ಎಂದು ಕಳಿಸಿದ. ಅದು ಬೆಚ್ಚಗಾದ ಮೇಲೆ ಮತ್ತೆ ಕೂಡಿಸಿದಾಗ ಕಾರು ಒಂದೇ ತಿರುವಿಗೆ ಹತ್ತಿತು.

"ಏನಾಗಿತ್ತು?" ಎಂದು ಅವ್ವ ಕೇಳಿದಳು.

"ಪೆಟ್ರೋಲಿನ್ಯಾಗ ಕಸಾ ಸಿಕ್ಕಿತ್ತು. ನಿನ್ನೆ ನೋಡಿ ಹಾಕಿಸ್ಬೇಕಿತ್ತು. ನಂದ ತಪ್ಪು" ಎಂದ ಅಪ್ಪ.

ಸುರಪುರದ ಓಣಿಯ ತಿರುವಿನಲ್ಲೇ ಅಳು ಕೇಳಿಸಿತು. ಅಜ್ಜಿ ಆಗಷ್ಟೇ ಹೋಗಿದ್ದಳು. ಕೈ ಮುಟ್ಟಿದರೆ ಇನ್ನೂ ಬೆಚ್ಚಗಿತ್ತು. ಅವ್ವ ಬಿದ್ದು ಹೊರಳಾಡಿದಳು. ಆಮೇಲೆ ಎದ್ದು ಬಂದು, ಬಂಧುಬಳಗದ ಎದುರಿಗೇ ಅಪ್ಪನ ಎದೆಗೆ ಗುದ್ದಿದಳು. "ಕಸದ ಪೆಟ್ರೋಲ್ ಹಾಕಿಸಿ ನಮ್ಮವ್ವನ ಕಡೀ ಮಾತು ತಪ್ಪಿಸಿದೆಲ್ಲೋ!"

ಅದು ಅಲ್ಲಿಗೇ ಮುಗಿಯಲಿಲ್ಲ. ಅಜ್ಜಿಯ ನೆನಪಾದಾಗೆಲ್ಲ ಅವ್ವ ಅದೇ ಮಾತು ಎತ್ತುತ್ತಿದ್ದಳು, ಅಪ್ಪ ರೊಟ್ಟಿ ಮುರಿಯುತ್ತಿದ್ದ. ನಾನು ದೊಡ್ಡವಳಾದ ಮೇಲೆ ಒಮ್ಮೆ ತಡೆಯಲಾರದೆ, "ಖರೇ ಹೇಳಬಾರ್ದೇನು?" ಎಂದು ಅವ್ವ ಇಲ್ಲದ ಹೊತ್ತಿನಲ್ಲಿ ಅಪ್ಪನ ಜೊತೆ ಜಗಳಕ್ಕೇ ನಿಂತೆ. "ನನ್ನ ಬೈದ್ರ ಆಕಿ ಅಳು ಇಳೀತದ. ತನ್ನ ತಾನ ಬೈಕೋತ ಹ್ಯಾಂಗ ಬದುಕ್ತಾಳ, ಹುಚ್ಚೀ?" ಎಂದು ಎದ್ದುಹೋದ. ಅವ್ವ ತೀರಿಹೋಗುವವರೆಗೂ ಆ ಬೈಗುಳ ತಪ್ಪಲಿಲ್ಲ.

ಮೊನ್ನೆ ಭೀಮರಾಯನಗುಡಿಯ ಹತ್ತಿರ ನಿಮ್ಮ ಕಾರು ನಿಂತಿತಲ್ಲ, ಎಲ್ಲಿ ಏನು ಕೆಟ್ಟಿದೆ ಎಂದು ಮುಂದಿನ ಪರದೆ ತಾನೇ ಬರೆದು ತೋರಿಸಿತು. ನೀವು ಹಿಂದಿನ ಸೀಟಿನಿಂದಲೇ ಓದಿ ಕೂಗಿದಿರಿ. ಒಳ್ಳೆಯದೇ. ಅಂಥ ಕಾರು ಆಗ ಇದ್ದಿದ್ದರೆ ನಾವು ಬೇಗ ಮುಟ್ಟುತ್ತಿದ್ದೆವೋ ಏನೋ. ಆದರೂ ತಡವಾಗಿದ್ದರೆ? ಒಳಗೆ ನೀರು ಹೊಕ್ಕಿದೆ ಎಂದು ಅದು ಎಲ್ಲರ ಕಣ್ಣೆದುರು ಬರೆದುಬಿಡುತ್ತಿತ್ತು. ನಮ್ಮ ಅವ್ವನಿಗೆ ಓದಲು ಬರುತ್ತಿತ್ತು, ಮಕ್ಕಳೇ.